ಹೊರೆದಾರಿಗಳ ಸರೋವರನಾಡು

ಅಮೆರಿಕದ ಮಿನ್ನೆಸೋಟ ರಾಜ್ಯ ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯಗಳ ಗಡಿಯುದ್ದಕ್ಕೂ, ಹಿಮಯುಗದ ಹಿಮನದಿಗಳು ಕೊರೆದುಹೋದ ಬಂಡೆಗುಳಿಗಳಲ್ಲಿ ನೀರು ನಿಂತು ಸಾವಿರಾರು ಸರೋವರಗಳಾಗಿವೆ. ಅಮೆರಿಕದ ಪಾಲಿಗೆ ಬೌಂಡರಿ ವಾಟರ್ಸ್ ಎಂದೂ ಕೆನಡಾದ ಪಾಲಿಗೆ ಕ್ವೆಟಿಕೊ ಎಂದೂ ಹೆಸರು. ಹಗಲು ಹುಟ್ಟು ಹಾಕುತ್ತ, ವಾಲ್‌ಐ, ಪೈಕ್ ಮೊದಲಾದ ಮೀನುಗಳಿಗೆ ಗಾಳ ಬಿಡುತ್ತ, ಇರುಳು ದಡದಲ್ಲಿ ಡೇರೆ ಹೂಡುವ ಪ್ರವಾಸಿಗರು ಇದನ್ನು ಮನುಷ್ಯರ ಕೈ ಸೋಕದ ಕಾಡೆಂದು ಬಗೆಯುವುದು ಸಹಜವಾದರೂ, ಅವರು ನಡೆಯುವ ದಾರಿಗಳೇ ಬೇರೊಂದು ಚರಿತ್ರೆಯನ್ನು ಹೇಳುತ್ತವೆ.

ಒಂದು ಸರೋವರದಿಂದ ಮತ್ತೊಂದಕ್ಕೆ ದೋಣಿಯನ್ನೂ ಸರಕನ್ನೂ ಹೊತ್ತು ಸಾಗುವ ಕಾಲುದಾರಿಯನ್ನು ಪೋರ್ಟೇಜ್ ಎನ್ನುತ್ತಾರೆ. ಇಂಥ ದಾರಿಗಳಲ್ಲಿ ಬಹುಪಾಲು ಮೂಲನಿವಾಸಿಗಳಾದ ಒಜಿಬ್ವೆ ಜನರೂ ಅವರಿಗಿಂತ ಹಿಂದಿನವರೂ ತುಳಿದು ಮಾಡಿದವು. ಬರ್ಚ್ ಮರದ ತೊಗಟೆಗೆ ಒಳಗಿನಿಂದ ಸೀಡರ್ ಮರದ ಪಕ್ಕೆಗಳನ್ನು ಕೊಟ್ಟು, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಅದೇ ಮರದ ಅಂಟನ್ನು ಸಂದುಗಳಿಗೆ ಮೆತ್ತಿ ಅವರು ಕಟ್ಟುತ್ತಿದ್ದ ಕನೂ ಎಂಬ ದೋಣಿ ಹೆಗಲ ಮೇಲೆ ಹೊರುವಷ್ಟು ಹಗುರವಾಗಿತ್ತು. ಬಂಡೆಗೆ ತಾಗಿ ಸೀಳಿದರೆ ದುರಸ್ತಿಗೆ ಬೇಕಾದುದೆಲ್ಲ ದಡದ ಕಾಡಿನಲ್ಲೇ ದೊರೆಯುತ್ತಿತ್ತು. ಯುರೋಪಿನ ಟೋಪಿಗಳಿಗೆ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳ ಪೂರೈಸುತ್ತಿದ್ದ ಮಾಂಟ್ರಿಯಲ್ ವರ್ತಕರು 18ನೆಯ ಶತಮಾನದಲ್ಲಿ ನೆಚ್ಚಿದ್ದು ಈ ದೋಣಿಯನ್ನೂ ಈ ದಾರಿಗಳನ್ನೂ. ಅವರ ಕೂಲಿಯಾಳುಗಳಾದ ವಾಯಜರ್‌ಗಳು ಸುಪೀರಿಯರ್ ಸರೋವರದಿಂದ ಪಿಜನ್ ನದಿಯವರೆಗಿನ ಸುಮಾರು 14 ಕಿಲೋಮೀಟರ್ ಉದ್ದದ ಗ್ರ್ಯಾಂಡ್ ಪೋರ್ಟೇಜ್ ದಾರಿಯಲ್ಲಿ, ತಲಾ 90 ಪೌಂಡ್ ತೂಗುವ ಎರಡು ಗಂಟುಗಳನ್ನು ಹಣೆಗೆ ಬಿಗಿದ ತೊಗಲ ಪಟ್ಟಿಯ ಆಧಾರದಲ್ಲಿ ಬೆನ್ನಿಗೇರಿಸಿ ನಡೆಯುತ್ತಿದ್ದರು. ಇಂದು ವಿಹಾರವೆನಿಸಿರುವ ಹೊರೆಯ ನಡಿಗೆ ಅಂದು ಬೆನ್ನು ಮುರಿಯುವ ಜೀತಕ್ಕೆ ಸಮೀಪದ ದುಡಿಮೆಯಾಗಿತ್ತೆಂಬುದನ್ನು ಮರೆಯಲಾಗದು.

1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಒಜಿಬ್ವೆಗಳು ಅಮೆರಿಕದ ಕಡೆಯ ನೆಲವನ್ನು ಬಿಟ್ಟುಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. 1909ರಲ್ಲಿ ಎರಡೂ ದೇಶಗಳು ತಮ್ಮ ಪಾಲಿನ ಕಾಡನ್ನು ಕಾಯ್ದಿರಿಸಿದವು. 1925ರಲ್ಲಿ ಎಡ್ವರ್ಡ್ ಬ್ಯಾಕಸ್ ಎಂಬ ಉದ್ಯಮಿ ವಿದ್ಯುತ್ತಿಗಾಗಿ ಅಣೆಕಟ್ಟುಗಳ ಸರಣಿಯನ್ನೇ ಮುಂದಿಟ್ಟಾಗ, ರೈನಿ ಸರೋವರದ ದ್ವೀಪವೊಂದರಲ್ಲಿ ನೆಲೆಸಿದ್ದ ಅರ್ನೆಸ್ಟ್ ಓಬರ್‌ಹೋಲ್ಟ್ಜರ್ ಅದಕ್ಕೆದುರಾಗಿ ವರ್ಷಗಟ್ಟಲೆ ಹೋರಾಡಿದರು. ನೀರಿನ ಮಟ್ಟವನ್ನೂ ದಡದ ಮರಗಳನ್ನೂ ರಕ್ಷಿಸುವ ಶಿಪ್‌ಸ್ಟೆಡ್–ನೋಲನ್ ಕಾಯಿದೆ 1930ರಲ್ಲಿ ಬಂದಿತು. ಆಮೇಲಿನ ಅಪಾಯ ಬಂದದ್ದು ಆಕಾಶದಿಂದ: ನೀರಿನ ಮೇಲಿಳಿಯುವ ವಿಮಾನಗಳು ಮೀನು ಹಿಡಿಯುವವರನ್ನು ದೂರದ ಸರೋವರಗಳಿಗೇ ತಂದಿಳಿಸತೊಡಗಿದ್ದರಿಂದ, ಅಧ್ಯಕ್ಷ ಟ್ರೂಮನ್ 1949ರಲ್ಲಿ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗಿನ ಹಾರಾಟವನ್ನು ನಿಷೇಧಿಸಿದರು. 1978ರ ಕಾಯಿದೆ ಮೋಟಾರು ದೋಣಿಗಳನ್ನು ಕೆಲವೇ ಸರೋವರಗಳಿಗೆ ಸೀಮಿತಗೊಳಿಸಿತು.

ಈ ರಕ್ಷಣೆಗೆ ತೆತ್ತ ಬೆಲೆ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಕ್ವೆಟಿಕೊ ಪ್ರದೇಶದಲ್ಲಿ 1873ರ ಒಪ್ಪಂದದ ಅನ್ವಯ ಒಜಿಬ್ವೆಗಳಿಗೆ ಸಂದಿದ್ದ 24ಸಿ ಎಂಬ ಮೀಸಲು ನೆಲವನ್ನು ಒಂಟಾರಿಯೊ ಸರ್ಕಾರ 1915ರಲ್ಲಿ ಅವರ ಸಮ್ಮತಿಯಿಲ್ಲದೆ ರದ್ದುಪಡಿಸಿತು. ಅಲ್ಲಿಂದ ಒಕ್ಕಲೆದ್ದ ಕುಟುಂಬಗಳಲ್ಲಿ ಹಲವು ಲಾಕ್ ಲಾ ಕ್ರಾ ಊರಿನ ಬಂಧುಗಳಲ್ಲಿ ನೆಲೆ ಕಂಡವು. ಅಣೆಕಟ್ಟುಗಳನ್ನು ತಡೆದವರ ಹೆಸರು ಈ ಕಾಡಿನ ಕಥನಗಳಲ್ಲಿ ಬೇಗ ಸೇರಿದರೂ, ಈ ಅನ್ಯಾಯಕ್ಕಾಗಿ ಪ್ರಾಂತ್ಯದ ಸರ್ಕಾರ ಲಾಕ್ ಲಾ ಕ್ರಾ ಜನರ ಕ್ಷಮೆ ಕೋರಿದ್ದು 1991ರಲ್ಲಿ.