ರ‍್ಯಾಲಿಯ ಎರಡು ಹೆಚ್ಚು ಥ್ರೆಡ್ಡು

ಅಜ್ಜನ ಕಾಲದ ರ‍್ಯಾಲಿ ಸೈಕಲ್ಲು ತುಳಿಯುವಾಗ ಸುತ್ತಿಗೊಮ್ಮೆ ‘ಟಕ್’ ಎಂದರೆ ಅನುಭವಿ ಮೆಕ್ಯಾನಿಕ್ ಮೊದಲು ನೋಡುವುದು ಕಾಟರ್ ಪಿನ್ನನ್ನು. ಪೆಡಲಿನ ತೋಳನ್ನು ನಡುವಿನ ಅಚ್ಚಿಗೆ ಬಿಗಿಹಿಡಿಯುವ ಉಕ್ಕಿನ ಬೆಣೆ ಇದು. ನಟ್ಟು ತಿರುಗಿಸಿದರೆ ಸರಿಹೋದೀತೆಂದು ನಾವು ತಿಳಿಯುತ್ತೇವೆ. ಆದರೆ ಬಿಗಿಯುವುದು ಸುತ್ತಿಗೆ. ನಟ್ಟು ಪಿನ್ನು ಜಾರದಂತೆ ಕಾಯುತ್ತದೆ, ಅಷ್ಟೆ. ಹೊಡೆಯುವಾಗ ತೋಳಿನ ಕೆಳಗೆ ಕಬ್ಬಿಣದ ಕೊಳವೆಯ ಆಸರೆ ಬೇಕು. ಇಲ್ಲವಾದರೆ ಪೆಟ್ಟೆಲ್ಲ ಅಚ್ಚು ತಿರುಗುವ ಬೇರಿಂಗ್ ಬಟ್ಟಲುಗಳಿಗೆ.

ಈ ರಗಳೆಯೇ ಬೇಡವೆಂದು ಪಿನ್ನಿಲ್ಲದ ಹೊಸ ಜೋಡಣೆ ಹಾಕಿಸಹೊರಟರೆ ಇತಿಹಾಸ ಅಡ್ಡ ಬರುತ್ತದೆ. ಬಹುತೇಕ ಬ್ರಿಟಿಷ್ ತಯಾರಕರು ಆ ಬಟ್ಟಲುಗಳಿಗೆ ಇಂಚಿಗೆ 24 ಥ್ರೆಡ್ ಕೊರೆದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1880ರ ದಶಕದಿಂದ ಬೆಳೆದ ರ‍್ಯಾಲಿ ಮಾತ್ರ 26 ಕೊರೆಯಿತು. ಬಿಡಿಭಾಗಕ್ಕೆ ಗಿರಾಕಿ ತನ್ನ ಬಳಿಗೇ ಬರಲೆಂಬ ಲೆಕ್ಕವಿತ್ತೇನೋ! ಆದರೆ 2002ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಸೈಕಲ್ ತಯಾರಿಕೆಯೇ ನಿಂತಿತು. ಇಂದಿನ 24ರ ಬಟ್ಟಲನ್ನು ಬಲವಂತವಾಗಿ ತಿರುಗಿಸಿದರೆ ಚೌಕಟ್ಟೇ ಹಾಳು.

ಆದ್ದರಿಂದ ಬಲ್ಲವರು ಹಳೆಯ ಬಟ್ಟಲುಗಳನ್ನು ಬಿಸಾಡುವುದಿಲ್ಲ. ಅವನ್ನು ಉಳಿಸಿಕೊಂಡೇ, ಅಳತೆಗೆ ಕೂಡುವ ಪಿನ್ನಿಲ್ಲದ ಅಚ್ಚನ್ನು ಹುಡುಕುತ್ತಾರೆ. ಸಿಗದಿದ್ದರೆ ಹೊಸ ಕಾಟರ್ ಪಿನ್ನು ತಂದು, ಅದರ ಚಪ್ಪಟೆ ಮುಖಕ್ಕೆ ಅರ ಹಿಡಿದು ಕೂರುತ್ತಾರೆ.