ಸಿಗದ ಟಿಕೆಟ್ಟಿನಿಂದ ಹುಟ್ಟಿದ ಕಂಪನಿ

ನಮ್ಮ ಸಾಗರದ ಕಡೆ ದೀಪಾವಳಿ ಅಂದರೆ ದೊಡ್ಡಹಬ್ಬ. ಯುಗಾದಿಗೆ ಊರಿಗೆ ಹೋಗದಿದ್ದರೂ ನಡೆಯುತ್ತದೆ, ಗೋಪೂಜೆಯ ದಿನ ಮನೆಯಲ್ಲಿ ಇರಲಿಲ್ಲ ಅಂದರೆ ಅಮ್ಮ ವರ್ಷಪೂರ್ತಿ ನೆನಪಿಸುತ್ತಾಳೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೊದಲ ವರ್ಷ ನನಗೆ ರಜೆ ಖಾತ್ರಿಯಾಗಿದ್ದೇ ಹಬ್ಬದ ಹಿಂದಿನ ದಿನ. ಆನಂದರಾವ್ ಸರ್ಕಲ್‌ನಲ್ಲಿ ಒಂದೊಂದೇ ಟ್ರಾವೆಲ್ಸ್ ಅಂಗಡಿ ಹತ್ತಿ ಇಳಿದೆ. ಎಲ್ಲರದೂ ಒಂದೇ ಮಾತು, "ಫುಲ್ ಆಗಿದೆ ಸಾರ್." ಬೈದುಕೊಂಡು ರೂಮಿಗೆ ಹೋಗಿ ಮಲಗಿದೆ. ನನ್ನ ಕತೆ ಅಲ್ಲಿಗೆ ಮುಗೀತು.

2005ರ ದೀಪಾವಳಿಗೆ ಇದೇ ಬೆಂಗಳೂರಿನಲ್ಲಿ ಇನ್ನೊಬ್ಬ ಇಂಜಿನಿಯರ್ ಹೀಗೇ ಅಲೆದಿದ್ದರು. ಹೆಸರು ಫಣೀಂದ್ರ ಸಾಮ. ಪಿಲಾನಿಯ ಬಿಟ್ಸ್‌ನಲ್ಲಿ ಓದಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದವರು. ಹೋಗಬೇಕಿದ್ದದ್ದು ಹೈದರಾಬಾದಿಗೆ. ಅವರಿಗೂ ಸೀಟು ಸಿಗಲಿಲ್ಲ. ಆದರೆ ಅವರು ನನ್ನ ಹಾಗೆ ಮಲಗಲಿಲ್ಲ. ಸೀಟು ಇಲ್ಲ ಅಂತ ಈ ಏಜೆಂಟ್‌ಗೆ ಗೊತ್ತಾಗೋದಾದ್ರೂ ಹೇಗೆ ಅಂತ ವಿಚಾರಿಸೋಕೆ ಹೊರಟರು.

ಆಗಿನ ಪದ್ಧತಿ ನೆನಪಿದೆಯಾ? ಬಸ್ಸಿನ ಸೀಟುಗಳ ಚಾರ್ಟು ಮಾಲೀಕರ ಆಫೀಸಿನಲ್ಲಿ, ಕಾಗದದ ಮೇಲೆ. ಊರ ತುಂಬ ಇರುವ ಏಜೆಂಟರು ಗಿರಾಕಿ ಬಂದಾಗ ಅಲ್ಲಿಗೆ ಫೋನ್ ಮಾಡಬೇಕು. ಹಬ್ಬದ ಹೊತ್ತಿಗೆ ಆ ಫೋನು ಯಾವಾಗಲೂ ಎಂಗೇಜ್. ಒಬ್ಬ ಏಜೆಂಟನಿಗೆ ಪರಿಚಯ ಇರೋದು ನಾಲ್ಕೈದು ಮಾಲೀಕರದ್ದು. ಅವರ ಬಸ್ಸು ತುಂಬಿದರೆ ನಮಗೆ "ಫುಲ್". ಪಕ್ಕದ ಬೀದಿಯಿಂದ ಹೊರಡುವ ಇನ್ನೊಂದು ಬಸ್ಸು ಖಾಲಿ ಸೀಟು ಇಟ್ಟುಕೊಂಡೇ ಹೋಗಿರಬಹುದು, ಅದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ವಾಪಸ್ ಬರುವ ಟಿಕೆಟ್ ಕೇಳಿದರಂತೂ "ಅಲ್ಲೇ ತಗೊಳ್ಳಿ" ಅನ್ನೋರು.

ಫಣೀಂದ್ರ ಬಿಟ್ಸ್‌ನ ಗೆಳೆಯರನ್ನು ಸೇರಿಸಿಕೊಂಡು ಇದಕ್ಕೊಂದು ಸಾಫ್ಟ್‌ವೇರ್ ಬರೆಯಲು ಕೂತರು. ಇವರು ಓದಿದ್ದು ಎಲೆಕ್ಟ್ರಾನಿಕ್ಸ್ ಕಡೆಯದು, ಪ್ರೋಗ್ರಾಮಿಂಗ್‌ಗೆ ಪುಸ್ತಕ ಹಿಡಿದು ಕಲಿಯಬೇಕಾಯಿತು. (ಕಂಪ್ಯೂಟರ್ ಸೈನ್ಸ್ ಓದಿದ ನಾನು ಈ ವಾಕ್ಯ ಬರೆಯುವಾಗ ಸ್ವಲ್ಪ ನಾಚಿಕೆ ಪಟ್ಟೆ.) ಲಾಭದ ಲೆಕ್ಕವೇ ಇರಲಿಲ್ಲ, ಬರೆದು ಪುಕ್ಕಟೆ ಕೊಟ್ಟುಬಿಡೋಣ ಅಂತಿದ್ದರು. ಉದ್ಯಮಿಗಳ ಸಂಸ್ಥೆಯಾದ ಟೈನಲ್ಲಿ ಸಿಕ್ಕ ಹಿರಿಯರ ಮಾರ್ಗದರ್ಶನದಲ್ಲಿ ಇದು ಕಂಪನಿಯಾಯಿತು.

ಬಸ್ ಮಾಲೀಕರು ಮಾತ್ರ ಸಾಫ್ಟ್‌ವೇರ್ ಬೇಡ ಅಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಚಾರ್ಟಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ ವ್ಯಾಪಾರ ನಡೆಯುತ್ತಿರುವಾಗ, ಇಪ್ಪತ್ತೈದು ವರ್ಷದ ಹುಡುಗರು ಬಂದು ಕಂಪ್ಯೂಟರ್ ಇಡಿ ಅಂದರೆ ಯಾರು ಕೇಳ್ತಾರೆ? ನಮ್ಮಪ್ಪ ಇವತ್ತಿಗೂ ಅಡಿಕೆ ಲೆಕ್ಕ ನೋಟ್‌ಬುಕ್ಕಿನಲ್ಲೇ ಬರೆಯೋದು.

ಆಗ ಹುಡುಗರು ದಾರಿ ಬದಲಿಸಿದರು. ಸಾಫ್ಟ್‌ವೇರ್ ಬೇಡವಾದರೆ ನಾಲ್ಕು ಸೀಟಾದರೂ ಕೊಡಿ, ಮಾರಿಕೊಡ್ತೀವಿ ಅಂದರು. ಅಂದರೆ ತಾವೇ ಏಜೆಂಟರಾದರು. 2006ರ ಆಗಸ್ಟ್‌ನಲ್ಲಿ ರೆಡ್‌ಬಸ್ ಶುರುವಾಯಿತು. ಫಣೀಂದ್ರ ಜೊತೆ ಕೆಲಸ ಬಿಟ್ಟು ಬಂದವರು ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು. ಸೀಟು ಮಾರಿ ತೋರಿಸಿದ ಮೇಲೆ ಮಾಲೀಕರ ನಂಬಿಕೆ ಬಂತು. ಮೊದಲು ಯಾರಿಗೂ ಬೇಡವಾಗಿದ್ದ ಸಾಫ್ಟ್‌ವೇರ್‌ನ ಕೆಲಸವೂ ಆಮೇಲೆ 'ಬಾಸ್' ಅನ್ನೋ ಹೆಸರಿನಲ್ಲಿ ಅವರ ಆಫೀಸುಗಳಿಗೆ ಹೋಯಿತು. 2013ರಲ್ಲಿ ಐಬಿಬೊ ಗುಂಪು ಕಂಪನಿಯನ್ನು ಕೊಂಡಿತು. ಎಷ್ಟು ನೂರು ಕೋಟಿ ಅಂತ ನಮ್ಮ ಕ್ಯಾಂಟೀನಿನಲ್ಲಿ ಒಂದು ವಾರ ಬರೀ ಅದೇ ಮಾತು. ನನಗೆ ಆ ಲೆಕ್ಕಕ್ಕಿಂತ ಪುಕ್ಕಟೆ ಕೊಟ್ಟರೂ ಬೇಡ ಅನ್ನಿಸಿಕೊಂಡ ದಿನಗಳೇ ದೊಡ್ಡವು ಅನ್ನಿಸುತ್ತದೆ.

ಒಂದು ಮಾತು ಹೇಳಲೇಬೇಕು. ಇವರು ರಸ್ತೆಗೆ ಒಂದು ಬಸ್ಸನ್ನೂ ಇಳಿಸಲಿಲ್ಲ. ಇದ್ದ ಸೀಟು ಕಾಣುವಂತೆ ಮಾಡಿದರು, ಅಷ್ಟೇ. ಹಬ್ಬಕ್ಕೆ ಬಸ್ಸೇ ಸಾಲದಿದ್ದರೆ ಮೊಬೈಲಿನಲ್ಲೂ ಅದೇ "ಫುಲ್". ಸೀಟು ಕಂಡರೂ ದರ ನೋಡಿ ಎದೆ ಧಸಕ್ ಅನ್ನುತ್ತದೆ. ಹೋದ ದೀಪಾವಳಿಗೆ ನಾನು ಕೊಟ್ಟಿದ್ದು ಮಾಮೂಲಿನ ಎರಡು ಪಟ್ಟಿಗಿಂತ ಜಾಸ್ತಿ. ಅಮ್ಮನಿಗೆ ಆ ಲೆಕ್ಕ ಹೇಳಿಲ್ಲ. ಅವಳು ಫೋನಿನಲ್ಲಿ ಕೇಳಿದ್ದು ಒಂದೇ, "ಕಿಟಕಿ ಪಕ್ಕ ಸಿಕ್ತನಾ?"