ಸೂರಿನ ಹಲಗೆ

ನಮ್ಮ ಕರಾವಳಿಯ ಮನೆಗಳಿಗೆ ಹಿಂದೆ ಮುಳಿಹುಲ್ಲಿನ ಮಾಡೇ ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೆಂಪು ಹೆಂಚು ಕ್ರಮೇಣ ಊರೂರಿಗೆ ಹಬ್ಬಿತು. ಹೆಂಚಿನ ಗೀರುಗಳಲ್ಲಿ ಮಳೆನೀರೆಲ್ಲ ಜಾರಿ ಸೂರಿಗೆ ಬರುತ್ತದೆ. ಅಲ್ಲಿ ಪಕ್ಕಾಸಿನ ತುದಿ ಮುಚ್ಚಲು ಹಲಗೆ, ನೀರು ಹಿಡಿಯಲು ಅಡಿಕೆ ಮರದ ದೋಣಿ. ಆಮೇಲೆ ತಗಡಿನದು ಬಂತು. ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಉಕ್ಕಿ ಹಲಗೆ ಕುಂಬಾಗುತ್ತದೆ, ಪಕ್ಕಾಸು ಮೆತ್ತಗಾಗುತ್ತದೆ, ಕೊನೆಗೆ ಮಣ್ಣಿನ ಗೋಡೆಯೇ ಕುಸಿಯುತ್ತದೆ. ಅದಕ್ಕೇ ಪತ್ತನಾಜೆಯ ಹೊತ್ತಿಗೆ ದೋಣಿ ಬಳಿದು, ಹಲಗೆಗೆ ಗೇರೆಣ್ಣೆ ಸವರುವ ರೂಢಿ. ಕಾರ್ಖಾನೆಯ ಇಸವಿ ಚರಿತ್ರೆಯಲ್ಲಿ ಉಳಿಯಿತು. ಅಲ್ಲಿ ಹೆಂಚು ಹೊತ್ತ ಹೆಂಗಸರನ್ನೂ, ಮಳೆಗೆ ಮುಂಚೆ ಏಣಿ ಹಿಡಿದು ಕಸ ತೆಗೆದು ಮನೆ ಉಳಿಸಿದ ಹೆಂಗಸರನ್ನೂ ನಾವು ಮಕ್ಕಳಿಗೆ ಹೇಳಬೇಡವೇ?